ಪುಸ್ತಕದಲ್ಲಿಲ್ಲದ ಒಂದು ನಿಮಿಷ

"ನನ್ನ ಕಂಪ್ಯೂಟರಿನ್ಯಾಗ ಸರಿ ಬರ್ತೈತಲ್ರಿ." ಆ ವರ್ಷ ಈ ಮಾತನ್ನು ನಾನು ಎಷ್ಟು ಸಲ ಹೇಳಿದೆನೋ ನನಗೇ ಗೊತ್ತಿಲ್ಲ. ಫೋನಿನಲ್ಲಿ ಹೇಳಿದೆ, ಎದುರಿಗೆ ಹೇಳಿದೆ, ತಿಕೋಟಾದ ಬಸ್ ನಿಲ್ದಾಣದಲ್ಲಿ ಜನ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ತಪ್ಪು ನನ್ನದೇ ಇರಬಹುದು ಎಂಬ ಅನುಮಾನ ಬಂದರಂತೂ ಇನ್ನೂ ಬೇಗ ಬರುತ್ತದೆ.

ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯೊಂದರಲ್ಲಿ ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಅಂಗಡಿ ಶುರು ಮಾಡುವವರ ಬ್ಯಾನರು, ಇವೇ ನನ್ನ ಕೆಲಸ. ಎರಡು ಓಣಿ ಆಚೆ ಒಬ್ಬ ಮಾಲಕರು ಹನಿ ನೀರಾವರಿಯ ಪೆಟ್ಟಿಗೆ ತಯಾರಿಸುತ್ತಾರೆ. ದ್ರಾಕ್ಷಿ ತೋಟದ ಯಾವ ಸಾಲಿಗೆ ಎಷ್ಟು ಹೊತ್ತು ನೀರು ಎಂದು ಒಮ್ಮೆ ಹೇಳಿಟ್ಟರೆ ಸಾಕು, ಪೆಟ್ಟಿಗೆ ತಾನೇ ವಾಲ್ವು ತೆಗೆಯುತ್ತದೆ, ತಾನೇ ಮುಚ್ಚುತ್ತದೆ. ತಿಕೋಟಾ ಕಡೆ, ಬಬಲೇಶ್ವರ ಕಡೆ ತೋಟಗಳಲ್ಲಿ ಅವು ಬಹಳ ಇವೆ. ಅದಕ್ಕೊಂದು ಕನ್ನಡದ ಕೈಪಿಡಿ ಬೇಕು, ಮಾಡಿಕೊಡಿ ಅಕ್ಕಾರ ಎಂದು ಮಾಲಕರು ನನ್ನ ಅಂಗಡಿಗೆ ಬಂದರು. ಲಗ್ನಪತ್ರಿಕೆ ಮಾಡಿದವಳಿಗೆ ಇದೇನು ಮಹಾ ಎಂದು ನಾನು ಹೂಂ ಅಂದೆ.

ಪೆಟ್ಟಿಗೆಯ ಒಳಹೊರಗು ಪೂರ್ತಿ ಗೊತ್ತಿದ್ದವರು ಒಬ್ಬರೇ. ಅವರನ್ನು ಎಲ್ಲರೂ ಕಾಕಾ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮೊದಲು ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಿದ್ದ ಮಿಸ್ತ್ರಿ. ಈಗ ಮಾಲಕರ ಪೆಟ್ಟಿಗೆಗಳನ್ನು ಕೂಡಿಸುವುದು, ಕೆಟ್ಟರೆ ಹೋಗಿ ಸರಿ ಮಾಡುವುದು ಅವರ ಕೆಲಸ. ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ಕೆಲವೊಮ್ಮೆ ಕೆಂಪು ದೀಪ ಹಚ್ಚಿಕೊಂಡು ಕೂತುಬಿಡುತ್ತಿತ್ತು. ಆಗ ರೈತರು ಬೇರೆ ಯಾರನ್ನೂ ಕೇಳುತ್ತಿರಲಿಲ್ಲ, ಸೀದಾ ಕಾಕಾಗೆ ಫೋನ್. ಅವರು ಬಸ್ಸೋ ಜೀಪೋ ಹಿಡಿದು ಹೋಗಿ ಕೈ ಆಡಿಸಿದರೆ ಹಸಿರು ದೀಪ ಬರುತ್ತಿತ್ತು.

ಒಂದು ಮಧ್ಯಾಹ್ನ ಅವರ ಹೆಂಡತಿ, ನಾವು ಕಾಕು ಎನ್ನುವವರು, ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಚಹಾ ಬೇಡ ಅಂದರು. ಕಾಕು ಚಹಾ ಬೇಡ ಅಂದರೆ ಏನೋ ಇದೆ ಎಂದೇ ಅರ್ಥ.

"ಯವ್ವಾ, ಆ ಪುಸ್ತಕ ಯಾವಾಗ ಮುಗಿತೈತಿ?" ಎಂದು ಕೇಳಿದರು.

"ಯಾಕ್ರಿ ಕಾಕು?"

"ಇವರ ಕಣ್ಣಿಗೆ ಪೊರಿ ಬಂದೈತಿ. ಎರಡು ಸಲ ಡಾಕ್ಟರು ತಾರೀಕು ಕೊಟ್ರು, ಎರಡೂ ಸಲ ತಪ್ಪಿಸ್ಯಾರ. ಒಮ್ಮೆ ಬಬಲೇಶ್ವರದಾಗ ಪೆಟಿಗಿ ನಿಂತಿತ್ತಂತ, ಒಮ್ಮೆ ತಿಕೋಟಾದಾಗ. ಎಡಗಣ್ಣು ಸಣ್ಣವರಿದ್ದಾಗ ಹೋಗೈತಿ. ಇರೂದು ಇದೊಂದ. ಇನ್ನ ತಡಾ ಮಾಡಿದ್ರ ಪೊರಿ ಗಟ್ಟಿ ಆಗಿ ತಗಿಯೂದು ತ್ರಾಸ ಆಕ್ಕೈತಿ ಅಂತ ಡಾಕ್ಟರು ಹೇಳ್ಯಾರ. ಪುಸ್ತಕ ಬಂದ ಮ್ಯಾಲೆ ಹೋಗ್ತೇನಿ, ಮಂದಿ ಅದನ್ನ ನೋಡಿ ಮಾಡ್ಕೋತಾರ ಅಂತಾರ ಇವರು. ನೀ ಲಗೂ ಮಾಡು."

ಅಲ್ಲಿಯವರೆಗೆ ಆ ಕೈಪಿಡಿ ನನಗೆ ಹದಿನಾರು ಪುಟದ ಒಂದು ಕೆಲಸವಾಗಿತ್ತು. ಕಾಕು ಎದ್ದು ಹೋದ ಮೇಲೆ ಅದು ಒಬ್ಬರ ಕಣ್ಣಾಯಿತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು. ಅಕ್ಟೋಬರ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ, ಎಲ್ಲ ಕಡೆ ಮುಗಿಯುತ್ತ ಬಂದಿತ್ತು. ಅದಾದ ಮೇಲೆ ಬಳ್ಳಿಗೆ ನೀರು ತಪ್ಪಬಾರದು, ಹಾಗಾಗಿ ಕಾಕಾನ ಫೋನು ದಿನಕ್ಕೆ ಆರೇಳು ಸಲ ಬಡಿದುಕೊಳ್ಳುತ್ತಿತ್ತು.

ಕಾಕಾ ದಿನಾ ಸಂಜೆ ಬಂದು ಹೇಳುತ್ತಿದ್ದರು, ನಾನು ಕೀಲಿಮಣೆ ಬಡಿಯುತ್ತಿದ್ದೆ. "ಮೊದಲ ಮೇನ್ ಬಂದ್ ಮಾಡಬೇಕು. ಆಮ್ಯಾಲೆ ಚಾಲೂ ಮಾಡಬೇಕು. ನೀಲಿ ಗುಂಡಿ ಒತ್ತಬೇಕು. ಹಸರ ದೀಪ ಬರ್ತೈತಿ. ಬಂತಂದ್ರ ಮುಗೀತು." ಇಷ್ಟೇನಾ ಎಂದರೆ, ಇಷ್ಟೇ, ಇದ್ರಾಗ ಏನ ಐತಿ ಎಂದು ನಗುತ್ತಿದ್ದರು. ನಾಲ್ಕೇ ಸಂಜೆಯಲ್ಲಿ ಪುಸ್ತಕ ತಯಾರಾಯಿತು. ನನ್ನ ಕಂಪ್ಯೂಟರಿನಲ್ಲಿ ನೋಡಿದರೆ ಚಂದಚಂದ.

ಆದರೆ ಮಾಲಕರಿಗೆ ಬರೀ ಒಂದು ಪುಸ್ತಕ ಬೇಕಾಗಿರಲಿಲ್ಲ. ಒಬ್ಬೊಬ್ಬ ರೈತನ ತೋಟದಲ್ಲಿ ವಾಲ್ವು ಒಂದೊಂದು ಸಂಖ್ಯೆ, ಪೆಟ್ಟಿಗೆಯೂ ಹಳೆಯದು ಹೊಸದು ಎಂದು ಮೂರು ಬಗೆ. ತಿಕೋಟಾದ ಅಂಗಡಿಯವರು, ಬಬಲೇಶ್ವರದ ಅಂಗಡಿಯವರು ತಮ್ಮ ಗಿರಾಕಿಯ ವಿವರ ತುಂಬಿ ಒಂದು ಗುಂಡಿ ಒತ್ತಿದರೆ, ಆ ರೈತನದೇ ಪುಸ್ತಕ ಅಲ್ಲಿಯೇ ತಯಾರಾಗಿ ಪ್ರಿಂಟ್ ಆಗಬೇಕು. ಅದಕ್ಕೆಂದೇ ಸಾದಾ ಬರಹದ ಫೈಲುಗಳಿಂದ ಪುಸ್ತಕ ಕಟ್ಟುವ ಒಂದು ಪ್ರೋಗ್ರಾಮನ್ನು ನಾನು ಕಲಿತು ಹಾಕಿಕೊಂಡಿದ್ದೆ. ಅದನ್ನೇ ತಿಕೋಟಾದ ಕಂಪ್ಯೂಟರಿಗೂ ಹಾಕಿಸಿದೆ.

ಅಲ್ಲಿ ಬಂದ ಪುಸ್ತಕ ನೋಡಿ ನನಗೆ ಕಣ್ಣು ಕತ್ತಲೆ ಬಂತು. ಅಕ್ಷರದ ಜಾಗದಲ್ಲಿ ಸಾಲುಸಾಲು ಚೌಕ. ಚಿತ್ರ ಒಂದೂ ಇಲ್ಲ. ವಾಲ್ವಿನ ಕೋಷ್ಟಕ ಪುಟ ಬಿಟ್ಟು ಹೊರಗೆ ಓಡಿಹೋಗಿತ್ತು. ಬಬಲೇಶ್ವರದಲ್ಲಿ ಅಕ್ಷರ ಬಂದವು, ಆದರೆ ಪುಟಗಳೇ ಅರ್ಧಕ್ಕೆ ನಿಂತವು. ತಿಕೋಟಾದ ಬಸ್ ನಿಲ್ದಾಣದಲ್ಲಿ ಮಾಲಕರಿಗೆ ಫೋನ್ ಮಾಡಿ ನಾನು ಆ ನನ್ನ ಪ್ರಸಿದ್ಧ ಮಾತು ಹೇಳಿದ್ದು ಆವತ್ತೇ.

"ನಿಮ್ಮ ಕಂಪ್ಯೂಟರ್ ಹೊತ್ಕೊಂಡು ಹಳ್ಳಿ ಹಳ್ಳಿ ತಿರಗಾಕ ಆಗತೈತೇನ್ರಿ ಅಕ್ಕಾರ?" ಅಂದರು ಮಾಲಕರು. ಸಣ್ಣ ದನಿಯಲ್ಲೇ ಅಂದರು, ಅದಕ್ಕೇ ಇನ್ನಷ್ಟು ಉರಿಯಿತು. ಪೆಟ್ಟಿಗೆಗೆ ಪ್ರೋಗ್ರಾಮ್ ಬರೆಯುವವರನ್ನು ಕೇಳಿಕೊಂಡು ಮರುದಿನ ಅವರೇ ಒಂದು ಶಬ್ದ ತಂದುಕೊಟ್ಟರು, ಕಂಟೇನರ್.

ನಮ್ಮ ಕಡೆ ಕಂಟೇನರ್ ಅಂದರೆ ಹೈವೇ ಮೇಲೆ ಹೋಗುವ ಉದ್ದನೆಯ ಲಾರಿ. ಇದು ಹಾಗಲ್ಲ ಎಂದು ತಿಳಿಯಲು ನನಗೆ ಎರಡು ದಿನ, ಏಳೆಂಟು ವಿಡಿಯೋ ಮತ್ತು ಬಹಳಷ್ಟು ಬೈಗುಳ ಬೇಕಾದವು. ಆಮೇಲೆ ತಿಳಿದದ್ದು ಇಷ್ಟು. ಕಂಪ್ಯೂಟರಿನೊಳಗೇ ಇನ್ನೊಂದು ಖಾಲಿ ಕೋಣೆ ಕಟ್ಟುವುದು. ಅದರೊಳಗೆ ಏನೇನು ಇರಬೇಕು ಎಂದು ಒಂದು ಚೀಟಿಯಲ್ಲಿ ಸಾಲಾಗಿ ಬರೆದಿಡುವುದು. ಯಾವ ಪ್ರೋಗ್ರಾಮು, ಯಾವ ಅಕ್ಷರದ ಫಾಂಟು, ಯಾವ ಅಳತೆಯ ಪುಟ, ಎಲ್ಲ. ಚೀಟಿಯಲ್ಲಿ ಬರೆದದ್ದು ಆ ಕೋಣೆಯಲ್ಲಿ ಇರುತ್ತದೆ, ಬರೆಯದಿದ್ದದ್ದು ಇರುವುದಿಲ್ಲ. ಹೀಗೆ ಕಟ್ಟಿದ ಕೋಣೆಯನ್ನು ಯಾವ ಕಂಪ್ಯೂಟರಿಗೆ ಒಯ್ದರೂ ಒಳಗೆ ಒಂದೇ ನಮೂನೆ. ಹೊರಗೆ ತಿಕೋಟಾ ಇರಲಿ, ಬಬಲೇಶ್ವರ ಇರಲಿ, ಅದಕ್ಕೆ ಸಂಬಂಧವೇ ಇಲ್ಲ.

ಸರಳ ಅನ್ನಿಸಿತು. ಚೀಟಿ ಬರೆಯಲು ಕೂತಾಗ ನನ್ನ ಬಣ್ಣ ಬಯಲಾಯಿತು.

ಪುಸ್ತಕದ ಅಕ್ಷರ ಎಲ್ಲಿಂದ ಬಂದದ್ದು? ನೆನಪಿಲ್ಲ. ಹುಡುಕಿದರೆ, ಎಂದೋ ಒಬ್ಬ ಗಿರಾಕಿ ಮಗಳ ಲಗ್ನಪತ್ರಿಕೆಗೆ ಇದೇ ಅಕ್ಷರ ಬೇಕೆಂದು ಹಟ ಹಿಡಿದಾಗ ಹಾಕಿಕೊಂಡದ್ದು. ಆ ಹುಡುಗಿಯ ಮಕ್ಕಳು ಈಗ ಶಾಲೆಗೆ ಹೋಗುತ್ತಿವೆ. ಚಿತ್ರಗಳೆಲ್ಲ ಪುಸ್ತಕದ ಫೋಲ್ಡರಿನಲ್ಲಿ ಇರಲೇ ಇಲ್ಲ, ಡೆಸ್ಕ್‌ಟಾಪಿನ ಮೂಲೆಯಲ್ಲಿ "ಹೊಸದು ಹೊಸದು ಎರಡು" ಎಂಬ ಹೆಸರಿನಡಿ ಮಲಗಿದ್ದವು. ಪುಟದ ಅಳತೆ ನನ್ನ ಪ್ರಿಂಟರಿಗೆ ಮಾತ್ರ ಗೊತ್ತಿದ್ದ ಗುಟ್ಟಾಗಿತ್ತು. ಇಷ್ಟು ವರ್ಷ ನನ್ನ ಕಂಪ್ಯೂಟರು ನಾನು ಮರೆತದ್ದನ್ನೆಲ್ಲ ತಾನು ನೆನಪಿಟ್ಟುಕೊಂಡು ನನ್ನ ಮಾನ ಕಾಪಾಡಿತ್ತು. ನಾನೋ, ಎಲ್ಲ ನನಗೇ ಗೊತ್ತು ಎಂದು ಮೆರೆಯುತ್ತಿದ್ದೆ.

ಒಂದೊಂದಾಗಿ ಚೀಟಿಗೆ ಸೇರಿಸಿದೆ. ಕೋಣೆ ಕಟ್ಟಿಸಿದೆ, ಪುಸ್ತಕ ಬರಲಿಲ್ಲ. ಮತ್ತೇನೋ ಸೇರಿಸಿದೆ, ಪುಸ್ತಕ ಬಂತು, ಅಕ್ಷರ ಬರಲಿಲ್ಲ. ಅಕ್ಷರ ಬಂದಾಗ ಮೇಲಿನ ತಾರೀಕು ಒಂದು ದಿನ ಹಿಂದಿನದು. ಕೋಣೆಯೊಳಗಿನ ಗಡಿಯಾರ ಯಾವುದೋ ದೇಶದ ಹೊತ್ತು ತೋರಿಸುತ್ತಿತ್ತಂತೆ, ಅದಕ್ಕೂ ಇದು ಭಾರತ ಕಣಪ್ಪ ಎಂದು ಚೀಟಿಯಲ್ಲೇ ಬರೆದು ಹೇಳಬೇಕಾಯಿತು. ಬೆಳಿಗ್ಗೆ ಒಲೆ ಮೇಲೆ ರೊಟ್ಟಿ ಬಿಟ್ಟು ಬಂದು ಒಮ್ಮೆ ಗುಂಡಿ ಒತ್ತಿ ಹೋಗುತ್ತಿದ್ದೆ. ಮನೆಯವರು ಕರಕು ರೊಟ್ಟಿಯನ್ನು ಮಾತಿಲ್ಲದೆ ತಿಂದರು, ಅದು ಅವರ ಪುಣ್ಯ.

ಐದನೇ ದಿನ ಪುಸ್ತಕ ಬಂತು. ಕೋಣೆಯನ್ನು ಪೆನ್ ಡ್ರೈವಿನಲ್ಲಿ ತುಂಬಿಕೊಂಡು ಬ್ಯಾಗಿನ ಒಳಜೇಬಿಗೆ ಹಾಕಿ, ಕೆಂಪು ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ಅಂಗಡಿಯ ಕಂಪ್ಯೂಟರಿಗೆ ಹಾಕಿ ಗುಂಡಿ ಒತ್ತಿದೆ. ಅದೇ ಅಕ್ಷರ, ಅದೇ ಚಿತ್ರ, ಕೋಷ್ಟಕ ಪುಟದೊಳಗೇ ಕೈಕಟ್ಟಿ ಕೂತಿತ್ತು. ಮರುದಿನ ಬಬಲೇಶ್ವರದಲ್ಲಿ ಸಂತೆ, ಜೀಪಿನಲ್ಲಿ ಕುಂಬಳಕಾಯಿಗಳ ನಡುವೆ ಕೂತು ಹೋದೆ. ಅಲ್ಲಿಯೂ ಅದೇ ಪುಸ್ತಕ. ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿದೆ, ಒಂದು ಗೆರೆಯೂ ಆಚೀಚೆ ಇಲ್ಲ. ಬರುವಾಗ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ಕಾಕುಗೆ ಕೊಟ್ಟೆ. ಡಾಕ್ಟರ ಹತ್ತಿರ ಮೂರನೇ ಸಲ ತಾರೀಕು ತಗೊಳ್ಳಿ ಎಂದೆ. ತಗೊಂಡರು, ಮುಂದಿನ ಸೋಮವಾರ.

ಮಾಲಕರು ಮಾತ್ರ, ಒಮ್ಮೆ ತೋಟದಲ್ಲಿ ನೋಡಿಬಿಡೋಣ ಎಂದರು. ಶುಕ್ರವಾರ ಬೆಳಿಗ್ಗೆ ಬಿಜ್ಜರಗಿಗೆ ಹೋದೆವು. ಅಲ್ಲೊಬ್ಬ ಹೆಣ್ಣುಮಗಳು ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾಳೆ, ಜೊತೆಗೆ ಹತ್ತಿಪ್ಪತ್ತು ಆಡೂ ಇವೆ. ಏಳನೇ ಇಯತ್ತೆಯವರೆಗೆ ಓದಿದವಳು, ಮಾತು ಚಾಟಿಯಂಥದ್ದು. ಪೆಟ್ಟಿಗೆಯನ್ನು ಬೇಕೆಂದೇ ಕೆಂಪು ದೀಪಕ್ಕೆ ತಂದು ನಿಲ್ಲಿಸಿದೆವು. ಪುಸ್ತಕ ಅವಳ ಕೈಗೆ ಕೊಟ್ಟೆವು. ಕಾಕಾನನ್ನು ಬೇವಿನ ಗಿಡದ ಕೆಳಗೆ ಕೂಡಿಸಿ, ಬಾಯಿ ಬಿಡಬಾರದು, ಏಳಬಾರದು ಎಂದು ನಾನು ತಾಕೀತು ಮಾಡಿದೆ.

ಅವಳು ಜೋರಾಗಿ ಓದಿಕೊಂಡೇ ಮಾಡಿದಳು. ಮೇನ್ ಬಂದ್. ಮೇನ್ ಚಾಲೂ. ನೀಲಿ ಗುಂಡಿ. ದೀಪ ಕೆಂಪಗೇ ಇತ್ತು. ಮತ್ತೊಮ್ಮೆ ಮಾಡಿದಳು. ಕೆಂಪು. ಮೂರನೇ ಸಲವೂ ಕೆಂಪು.

"ನಿಮ್ಮ ಪುಸ್ತಕ ಚಂದ ಐತ್ರಿ ಬಾಯಾರ," ಎಂದಳು ನನ್ನ ಕಡೆ ತಿರುಗಿ. "ದೀಪಕ್ಕ ಓದಾಕ ಬರೂದಿಲ್ಲೇನೊ."

ಕಾಕಾಗೆ ತಡೆಯಲಾಗಲಿಲ್ಲ. ಎದ್ದು ಬಂದು ತಾವೇ ಮಾಡಿದರು. ಹಸಿರು ಬಂತು. ಮತ್ತೆ ಕೆಂಪಿಗೆ ತಂದು ಅವಳಿಗೆ ಕೊಟ್ಟರೆ, ಕೆಂಪೇ. ಅದೇ ಪೆಟ್ಟಿಗೆ, ಅದೇ ಗುಂಡಿ, ಅದೇ ಪುಸ್ತಕ. ಮಾಲಕರು ತಲೆ ಕೆರೆದುಕೊಂಡರು. ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆ ಮುಖದಲ್ಲಿ ಬೇಜಾರೂ ಇತ್ತು, ಅದರ ಕೆಳಗೆ ಒಂದು ಸಣ್ಣ ಹೆಮ್ಮೆಯೂ ಇತ್ತು. ನಾನು ಅದನ್ನು ನೋಡಿದೆ.

"ಇದು ಪುಸ್ತಕ ಓದಿ ಬರೂ ಹಂತಾದ್ದಲ್ಲ ಬಿಡವ್ವ," ಅಂದರು. "ಈ ಹಂಗಾಮ ಮುಗೀಲಿ. ಕಣ್ಣು ಆಮ್ಯಾಲೆ ನೋಡೂಣು. ಸೋಮವಾರದ್ದು ಬ್ಯಾಡ ಅಂತ ಹೇಳ್ತೇನಿ."

ಅವರು ಫೋನು ತೆಗೆದು, ಒಂದೇ ಕಣ್ಣಿನ ಹತ್ತಿರಕ್ಕೆ, ಮೂಗಿಗೆ ತಾಗುವಷ್ಟು ಹತ್ತಿರಕ್ಕೆ ಹಿಡಿದು ಡಾಕ್ಟರ ನಂಬರು ಹುಡುಕತೊಡಗಿದರು. ಅದನ್ನು ನೋಡಿದೆ. ಕೂಡಲೇ ಸಿಟ್ಟು ಬಂತು. ಫೋನನ್ನು ಕೈಯಿಂದ ಕಿತ್ತುಕೊಂಡೆ. ಹಿರಿಯರು, ಹಾಗೆ ಮಾಡಬಾರದಿತ್ತು, ಮಾಡಿದೆ.

"ಇನ್ನೊಮ್ಮೆ ಮಾಡ್ರಿ ಕಾಕಾ. ನಾ ನೋಡ್ತೇನಿ."

"ಎಷ್ಟು ಸಲ ಮಾಡ್ಲಿ?"

"ನಾ ಬರಕೊಳ್ಳೂತನಾ ಮಾಡ್ರಿ."

ಪೆನ್ನು ಹಿಡಿದು ಪಕ್ಕದಲ್ಲಿ ನಿಂತೆ. ಐದು ದಿನ ಆ ಖಾಲಿ ಕೋಣೆಯ ಜೊತೆ ಹೆಣಗಿದ ಮೇಲೆ ನನಗೆ ಒಂದು ಚಟ ಹತ್ತಿತ್ತು, ಕಂಡದ್ದನ್ನೆಲ್ಲ ಬರೆಯುವುದು. ಕಂಪ್ಯೂಟರಿನ ವಿಷಯದಲ್ಲಿ ಅದನ್ನು ಮಾಡಿದ್ದೆ. ಕಾಕಾನ ವಿಷಯದಲ್ಲಿ ಅವರು ಹೇಳಿದ್ದನ್ನಷ್ಟೇ ಬರೆದಿದ್ದೆ, ಅವರು ಮಾಡುವುದನ್ನು ಒಮ್ಮೆಯೂ ಗಮನವಿಟ್ಟು ನೋಡಿರಲಿಲ್ಲ.

ಕಾಕಾ ಮೇನ್ ಬಂದ್ ಮಾಡಿದರು. ಬರೆದೆ. ಚಪ್ಪಲಿ ಬಿಟ್ಟರು. ಬರೆದೆ. ಟವೆಲ್ಲಿನಿಂದ ಎರಡೂ ಅಂಗೈ ಒರೆಸಿಕೊಂಡರು. ಬರೆದೆ. ಪೆಟ್ಟಿಗೆಯ ಮುಂದೆ ಕೈ ಮುಗಿದು, ಕಣ್ಣು ಮುಚ್ಚಿ ನಿಂತರು. ತುಟಿ ಅಲುಗುತ್ತಿದ್ದವು. ಒಂದು ಆಡು ಬಂದು ನನ್ನ ಸೀರೆಯ ಸೆರಗು ಬಾಯಿಗೆ ಹಾಕಿಕೊಂಡಿತು, ಬಿಡಿಸಿಕೊಂಡೆ. ಅವರು ಇನ್ನೂ ನಿಂತೇ ಇದ್ದರು. ಆಮೇಲೆ ಪೆಟ್ಟಿಗೆ ಮುಟ್ಟಿ ಹಣೆಗೆ ಒತ್ತಿಕೊಂಡು, ಮೇನ್ ಚಾಲೂ ಮಾಡಿ, ನೀಲಿ ಗುಂಡಿ ಒತ್ತಿದರು. ಹಸಿರು.

"ಕಣ್ಣು ಮುಚ್ಚಿ ಏನಂತೀರಿ?" ಎಂದೆ.

ಕಾಕಾ ನಾಚಿಕೊಂಡರು. "ಏನಿಲ್ಲವ್ವ. ಹನ್ನೊಂದು ಸಲ ಸಿದ್ಧೇಶ್ವರನ ಹೆಸರ ಅಂತೇನಿ. ಮೋಟಾರು ಸುತ್ತತಿದ್ನೆಲ್ಲ, ಆವಾಗಿಂದ ರೂಢಿ. ಕರೆಂಟಿಗೆ ಕೈ ಹಚ್ಚೂ ಮುಂದ ದೇವರ ನೆನಪು ಇರಬೇಕಲಾ."

ಮಾಲಕರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. "ಒಂದು ನಿಮಿಷ," ಅಂದರು ಮಾಲಕರು. ಕಾಯಿರಿ ಎಂದು ಹೇಳಿದ್ದಲ್ಲ, ಹೊತ್ತನ್ನು ಹೇಳಿದ್ದು. ಮೇನ್ ಬಂದ್ ಮಾಡಿದರೂ ಪೆಟ್ಟಿಗೆಯ ಒಳಗೆ ಸ್ವಲ್ಪ ಕರೆಂಟು ಉಳಿದಿರುತ್ತದೆ, ಅದು ಪೂರ್ತಿ ಇಳಿಯಲು ಹತ್ತಿರ ಹತ್ತಿರ ಒಂದು ನಿಮಿಷ ಬೇಕು, ಅದಕ್ಕೂ ಮೊದಲೇ ಚಾಲೂ ಮಾಡಿದರೆ ಅದಕ್ಕೆ ತಾನು ಬಂದ್ ಆಗಿದ್ದೆ ಎಂದೇ ಗೊತ್ತಾಗುವುದಿಲ್ಲ ಎಂದು ಅವರು ವಿವರಿಸಿದರು. ಕಾಕಾ ಯಾವತ್ತೂ ಕಾಯುತ್ತಿರಲಿಲ್ಲ. ಅವರು ಕೈ ಮುಗಿಯುತ್ತಿದ್ದರು. ಕೈ ಮುಗಿಯುವುದು ಕೆಲಸದ ಭಾಗವೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ, ಆದ್ದರಿಂದ ಹೇಳಿರಲಿಲ್ಲ. ನಾನು ಬರೆದಿರಲಿಲ್ಲ.

ಆ ಹೆಣ್ಣುಮಗಳು ಮುಂದೆ ಬಂದು ಮೇನ್ ಬಂದ್ ಮಾಡಿ, ಸೊಂಟದ ಮೇಲೆ ಕೈಯಿಟ್ಟು, ಒಂದು ನಿಮಿಷ ಆಕಾಶ ನೋಡಿಕೊಂಡು ನಿಂತಳು. ಚಾಲೂ ಮಾಡಿದಳು, ನೀಲಿ ಗುಂಡಿ ಒತ್ತಿದಳು. ಹಸಿರು ಬಂತು. ಮತ್ತೊಮ್ಮೆ ಮಾಡಿದಳು. ಮತ್ತೂ ಹಸಿರು. ನಾನು ಪುಸ್ತಕದಿಂದ ಗಾಳಿ ಹಾಕಿಕೊಂಡು ಬೇವಿನ ಕಟ್ಟೆಯ ಮೇಲೆ ಕೂತೆ.

"ಅರವತ್ತು ಸೆಕೆಂಡು ಕಾಯಿರಿ ಅಂತ ಹಾಕಿಬಿಡ್ರಿ ಅಕ್ಕಾರ," ಎಂದರು ಮಾಲಕರು.

"ಯಾರ ಕಾಯ್ತಾರ್ರಿ?" ಎಂದಳು ಅವಳು. "ಬಳ್ಳಿ ಒಣಗಾಕತ್ತಾವು ಅಂದ್ರ ನಾನ ಕಾಯಂಗಿಲ್ಲ. ಕೈ ಮುಗೀರಿ ಅಂತ ಬರೀರಿ. ಅದನ್ನ ಅರ್ಧಕ್ಕ ಬಿಡಾಕ ಮಂದಿಗೆ ಅಂಜಿಕಿ ಆಗತೈತಿ."

ನಾನು ಎರಡನ್ನೂ ಹಾಕಿದೆ. ಅಂದು ಮಧ್ಯಾಹ್ನವೇ ಅಂಗಡಿಯಲ್ಲಿ ಕೂತು ಮೊದಲ ಹೆಜ್ಜೆಯಾದ ಮೇಲೆ ಹೊಸ ಸಾಲು ಬಡಿದೆ: "ಚಪ್ಪಲಿ ಬಿಟ್ಟು, ಕೈ ಒಣಗಿಸಿಕೊಂಡು, ಒಂದು ನಿಮಿಷ ಪೂರ್ತಿ ಕಾಯಿರಿ. ನಿಮ್ಮ ದೇವರನ್ನು ಹನ್ನೊಂದು ಸಲ ನಿಧಾನವಾಗಿ ನೆನೆದರೆ ಒಂದು ನಿಮಿಷವಾಗುತ್ತದೆ." ಚಪ್ಪಲಿ ಬಿಡುವುದಕ್ಕೆ ಮಾಲಕರು ಒಪ್ಪಲಿಲ್ಲ, ಕರೆಂಟಿನ ಕೆಲಸಕ್ಕೆ ಚಪ್ಪಲಿ ಕಾಲಲ್ಲೇ ಇರಬೇಕು ಎಂದರು. ಸರಿಯೇ, ಅದನ್ನು ತೆಗೆದು, ಚಪ್ಪಲಿ ಹಾಕಿಕೊಂಡೇ ಇರಿ ಎಂದು ಬರೆದೆ. ದೇವರನ್ನು ಉಳಿಸಿಕೊಂಡೆ. ಬದಲಾದ ಒಂದು ಫೈಲನ್ನು ಎರಡೂ ಊರಿಗೆ ಕಳಿಸಿದೆ. ನಾನು ಬಸ್ಸು ಹತ್ತಬೇಕಾಗಲಿಲ್ಲ, ಯಾರಿಗೂ ಬಯ್ಯಬೇಕಾಗಲಿಲ್ಲ. ಸಂಜೆಯೊಳಗೆ ತಿಕೋಟಾದಲ್ಲೂ ಬಬಲೇಶ್ವರದಲ್ಲೂ ತಮ್ಮ ಪಾಡಿಗೆ ತಾವೇ ಪುಸ್ತಕ ತಯಾರಾದವು.

ಸೋಮವಾರ ಕಾಕಾನ ಕಣ್ಣಿನ ಆಪರೇಷನ್ ಆಯಿತು. ಹದಿನೈದು ದಿನ ಬಗ್ಗುವಂತಿಲ್ಲ, ಧೂಳಿಗೆ ಹೋಗುವಂತಿಲ್ಲ ಎಂದಿದ್ದರು ಡಾಕ್ಟರು.

ಶನಿವಾರ ನಾನು ಅವರ ಮನೆಗೆ ಹೋದೆ. ಕರಿ ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ನನ್ನನ್ನು ಬಾಗಿಲಲ್ಲೇ ಗುರುತು ಹಿಡಿದು, "ಬಾರವ್ವ, ಹಸರ ಸೀರಿ ಉಟ್ಟೀದಿ," ಅಂದರು. ಕಾಕು ಆವತ್ತು ತಾವೇ ಮೊದಲು ಚಹಾ ಕುಡಿದು, ಆಮೇಲೆ ನಮಗೆ ತಂದರು. ನಾನು ಪುಸ್ತಕ ಕೊಟ್ಟೆ. ಕಾಕಾ ಅದನ್ನು ಮೂಗಿನ ಹತ್ತಿರ ಒಯ್ಯಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೇ ನಿಧಾನವಾಗಿ ಓದಿದರು. ಹೊಸ ಸಾಲಿನ ಹತ್ತಿರ ಬೆರಳು ನಿಂತಿತು.

"ಇದು ನಾ ಹೇಳಿಲ್ಲಲ್ಲ."

"ಹೇಳಿಲ್ರಿ ಕಾಕಾ. ಮಾಡೀರಿ."

ಅವರು ಆ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ದಿಂಬಿನ ಪಕ್ಕದಿಂದ ಫೋನು ತೆಗೆದು ನನಗೆ ಚಾಚಿದರು. "ಇದೊಂದು ನೋಡಿ ಕೊಡು. ಕೆಟ್ಟೈತೇನೊ. ಐದು ದಿನ ಆತು, ಒಬ್ಬಂವನೂ ಫೋನ್ ಮಾಡಿಲ್ಲ."

ನೋಡಿದೆ. ಸಿಗ್ನಲ್ ಇತ್ತು, ದನಿ ಪೂರ್ತಿ ಇತ್ತು. ಏನೂ ಕೆಟ್ಟಿರಲಿಲ್ಲ.  ಫೋನನ್ನು ಅವರ ಕೈಗೆ ಕೊಟ್ಟು, ನನ್ನದು ತೆಗೆದು ಅವರಿಗೇ ಹಚ್ಚಿದೆ. ಅವರ ಕೈಯಲ್ಲಿ ಫೋನು ಜೋರಾಗಿ ಬಡಿದುಕೊಂಡಿತು. ಕಾಕಾನ ಮುಖ ಒಮ್ಮೆಲೇ ಅರಳಿತು. ಎತ್ತಿ ಕಿವಿಗಿಟ್ಟುಕೊಂಡು "ಹಲೋ, ಯಾರ್ರಿ?" ಅಂದರು.

ನಾನು ಅವರಿಂದ ಒಂದು ಮೊಳದ ದೂರದಲ್ಲಿ ಕೂತಿದ್ದೆ. ಫೋನಿನಲ್ಲೇ ಹೇಳಿದೆ: "ಎಲ್ಲಾ ಕಡೆ ನೀರು ನಡದೈತ್ರಿ ಕಾಕಾ. ಎಲ್ಲಾರದೂ ಹಸರ ದೀಪ ಐತಿ."

ಅವರು ಫೋನು ಕಿವಿಗೆ ಹಿಡಿದೇ ನನ್ನನ್ನು ನೋಡಿದರು. ಕರಿ ಕನ್ನಡಕದ ಕೆಳಗೆ ಒಂದು ಹನಿ ಇಳಿಯಿತು. ಕಣ್ಣು ಒದ್ದೆ ಮಾಡಿಕೊಳ್ಳಬ್ಯಾಡ್ರಿ ಎಂದು ಕಾಕು ಬಯ್ದು, ಔಷಧದ ಹತ್ತಿ ತಂದು ಮೆಲ್ಲಗೆ ಒರೆಸಿದರು.

"ಹಂಗಾದ್ರ," ಎಂದರು ಕಾಕಾ, ಫೋನು ಕೆಳಗಿಳಿಸಿ, "ಇದನ್ನ ಬಂದ್ ಮಾಡೂದು ಹೆಂಗವ್ವ? ತಗೊಂಡಾಗಿಂದ ನಾ ಒಮ್ಮೆಯೂ ಮಾಡಿಲ್ಲ."

ಪಕ್ಕದ ಗುಂಡಿ ತೋರಿಸಿ, ಒತ್ತಿ ಹಿಡೀರಿ ಅಂದೆ. ಅವರು ಹೆಬ್ಬೆರಳಿನಿಂದ ಒತ್ತಿ, ಬೆಳಕು ಪೂರ್ತಿ ಆರುವವರೆಗೆ ಹಿಡಿದು, ಫೋನನ್ನು ಕಾಕುನ ಕೈಗೆ ಕೊಟ್ಟು ಮಲಗಿಕೊಂಡರು.